ವೈರಾಣುಜನ್ಯ ಬಾಲರೋಗಗಳೂ ವೈದ್ಯನ ವಿದ್ಯಾಮಾರ್ಗವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕುಸನೂರಿನಲ್ಲಿ ಸೇರಿದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದ ಸಭೆಯಲ್ಲಿ ವೈದ್ಯರ ಶಿಕ್ಷಣದ ವಿಚಾರವನ್ನು ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವರು ಕೇಳಬಹುದು. ಶರಣರ ಚರಿತ್ರೆಯನ್ನು ಬಲ್ಲವರಿಗೆ ಈ ಸಂದೇಹವು ಬಾರದು. ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡಿದ್ದ ವೈದ್ಯ ಸಂಗಣ್ಣನವರು ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಒಬ್ಬರು. ರೋಗಿಯ ನಾಡಿಯನ್ನು ಹಿಡಿಯುವ ಕೈಯೂ ಇಷ್ಟಲಿಂಗವನ್ನು ಹಿಡಿಯುವ ಕೈಯೂ ಅಲ್ಲಿ ಬೇರೆಬೇರೆಯಾಗಿರಲಿಲ್ಲ. ಅನ್ನದಾಸೋಹ, ಜ್ಞಾನದಾಸೋಹಗಳ ಜತೆಯಲ್ಲಿ ಆರೋಗ್ಯದಾನವೂ ಮಠಮಾನ್ಯಗಳ ಕರ್ತವ್ಯಗಳಲ್ಲಿ ಸೇರಿಕೊಂಡು ಬಂದಿದೆ. ಆದುದರಿಂದ ಕೂಸುಗಳ ಪ್ರಾಣವನ್ನು ಕಾಯುವ ವೈದ್ಯನು ಹೇಗೆ ಸಿದ್ಧನಾಗುತ್ತಾನೆ, ಅವನು ಸಿದ್ಧನಾಗುವುದಕ್ಕೆ ಎಷ್ಟು ವರ್ಷ ಬೇಕು, ಸಿದ್ಧನಾದವನು ಈ ಸೀಮೆಗೆ ದೊರಕುವಂತೆ ಭಕ್ತರು ಏನು ಮಾಡತಕ್ಕದ್ದು ಎಂಬುದನ್ನು ಇಲ್ಲಿ ವಿಚಾರಿಸುವುದು ಯೋಗ್ಯವೇ ಆಗಿದೆ.

ಕುಸನೂರ ಗ್ರಾಮವು ಇಂದು ಕಲಬುರಗಿ ನಗರದ ಅಂಚಿಗೆ ಸೇರಿಕೊಂಡಿದೆ. ಇಲ್ಲಿಂದ ದೊಡ್ಡ ದವಾಖಾನೆಗಳನ್ನು ಮುಟ್ಟುವುದು ಕಷ್ಟವಲ್ಲ. ಕಮಲಾಪುರ, ಚಿಂಚೋಳಿ, ಸೇಡಂ ತಾಲೂಕುಗಳ ಒಳಹಳ್ಳಿಗಳ ಪಾಡು ಹಾಗಲ್ಲ. ರಾತ್ರಿಯ ಹೊತ್ತು ಕೂಸಿಗೆ ಜ್ವರವೇರಿ, ಕಣ್ಣು ಮೇಲಾಗಿ, ಕೈಕಾಲು ಸೆಟೆದುಕೊಂಡರೆ ತಾಯಿಯು ಯಾರ ಬಾಗಿಲನ್ನು ತಟ್ಟಬೇಕು? ತಟ್ಟಿದ ಬಾಗಿಲನ್ನು ತೆರೆಯುವ ವೈದ್ಯನಿಗೆ ಆ ಜ್ವರದ ಮೂಲವು ತಿಳಿದೀತೇ? ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದೇ ಈ ಉಪನ್ಯಾಸದ ವಿಷಯ.

ಮೊದಲು ವೈರಾಣುವೆಂದರೇನೆಂಬುದನ್ನು ಅರಿಯತಕ್ಕದ್ದು. ಬ್ಯಾಕ್ಟೀರಿಯವೆಂಬ ಸೂಕ್ಷ್ಮಜೀವಿಯು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬೀಳುವುದು. ವೈರಾಣುವಾದರೋ ಅದಕ್ಕಿಂತಲೂ ಬಹಳ ಸಣ್ಣದು. ತನ್ನಷ್ಟಕ್ಕೆ ತಾನೇ ಬೆಳೆಯಲಾರದು. ಅದು ಶರೀರದ ಜೀವಕೋಶದೊಳಗೆ ಹೊಕ್ಕು, ಆ ಕೋಶದ ಸಾಮಗ್ರಿಯಿಂದಲೇ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುವುದು. ಹಗೆಯು ಮನೆಯ ಹೊರಗೆ ನಿಂತಿದ್ದರೆ ಹೊಡೆಯುವುದು ಸುಲಭ. ಮನೆಯೊಳಗೇ ಸೇರಿಕೊಂಡರೆ ಮನೆಯನ್ನು ಕೆಡಿಸದೆ ಹೊಡೆಯುವುದು ಕಠಿಣ. ಬ್ಯಾಕ್ಟೀರಿಯವನ್ನು ಕೊಲ್ಲುವ ಆಂಟಿಬಯೋಟಿಕ್ ಔಷಧಗಳು ವೈರಾಣುವನ್ನು ಮುಟ್ಟಲಾರವು. ದಡಾರ, ಪೋಲಿಯೋ, ಡೆಂಗೀ, ಮಂಗನಬಾವು, ಸೀತಾಳೆ, ರೋಟಾ ವೈರಾಣುವಿನಿಂದಾಗುವ ಭೇದಿ, ಕೆಲವು ಬಗೆಯ ಕಾಮಾಲೆ, ಮೆದುಳುಜ್ವರ, ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್, ಇವೆಲ್ಲವೂ ಈ ವರ್ಗಕ್ಕೆ ಸೇರಿದ ವ್ಯಾಧಿಗಳು.

ಇನ್ನು ಬಾಲಕರ ಶರೀರವು ದೊಡ್ಡವರ ಶರೀರದ ಸಣ್ಣ ಪ್ರತಿಯಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೊಂದು ಪ್ರತ್ಯೇಕವಾದ ಅಂಗವೇ ಉಂಟು. ಪ್ರಾಚೀನರು ಬಾಲಚಿಕಿತ್ಸೆಯನ್ನು ಬೇರೆ ವಿದ್ಯೆಯೆಂದೇ ಎಣಿಸಿದ್ದರು. ಕೂಸು ತನ್ನ ನೋವನ್ನು ಮಾತಿನಲ್ಲಿ ಹೇಳಲಾರದು. ಅದರ ಶರೀರದಲ್ಲಿ ನೀರು ಬೇಗನೆ ಬತ್ತುವುದು. ಔಷಧದ ಪ್ರಮಾಣವನ್ನು ಅದರ ತೂಕಕ್ಕೆ ತಕ್ಕಂತೆ ಗಣಿಸಬೇಕು. ಬೆಳಗ್ಗೆ ಆಡುತ್ತಿದ್ದ ಮಗು ಸಂಜೆಗೆ ನೆಲಹಿಡಿಯುವುದುಂಟು. ಹೀಗೆ ವೈರಾಣುವಿನ ವಿದ್ಯೆ, ಬಾಲಚಿಕಿತ್ಸೆಯ ವಿದ್ಯೆ ಎಂಬ ಎರಡು ಕಠಿಣ ವಿದ್ಯೆಗಳು ಒಬ್ಬನಲ್ಲಿಯೇ ಕೂಡಿದಾಗ ಮಾತ್ರ ಇಲ್ಲಿ ಹೇಳಬೇಕೆಂದಿರುವ ವೈದ್ಯನು ಹುಟ್ಟುತ್ತಾನೆ.

ರೋಗದ ಹೆಸರು ತಿಳಿಯದೆ ಚಿಕಿತ್ಸೆಗೆ ದಾರಿ ದೊರೆಯದು. ಕುಸನೂರಿನ ಹೆಸರಿಗೆ ಸಮೀಪವಾದ ಹೆಸರುಳ್ಳ ಇನ್ನೊಂದು ಸ್ಥಳದ ವೃತ್ತಾಂತವು ಈ ಮಾತಿಗೆ ನಿದರ್ಶನವಾಗಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಅರಣ್ಯವಿದೆ. ೧೯೫೭ನೆಯ ಇಸವಿಯಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು. ಕಾಡಿನಂಚಿನ ಜನರಿಗೂ ತೀವ್ರವಾದ ಜ್ವರವು ಬಂದಿತು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನ ಕೇಂದ್ರದ ಪಂಡಿತರು ಅಲ್ಲಿಗೆ ಬಂದು, ಉಣ್ಣೆಗಳ ಕಡಿತದಿಂದ ಹರಡುವ ಹೊಸದೊಂದು ವೈರಾಣುವನ್ನು ಗುರುತಿಸಿದರು. ಆ ಅರಣ್ಯದ ಹೆಸರೇ ರೋಗಕ್ಕೆ ಹೆಸರಾಯಿತು. ಪುಣೆಯ ಆ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿ ಬೆಳೆಯಿತು. ಹಳ್ಳಿಯ ಜ್ವರಕ್ಕೂ ದೂರದ ಪ್ರಯೋಗಶಾಲೆಗೂ ಸಂಬಂಧವನ್ನು ಕಲ್ಪಿಸಿದವರಿದ್ದುದರಿಂದಲೇ ಆ ರೋಗದ ಮೂಲವು ಬೆಳಕಿಗೆ ಬಂದಿತು.

ಕಲಬುರಗಿಗೂ ಈ ಪಾಠವು ಹೊಸದಲ್ಲ. ೨೦೨೦ನೆಯ ಇಸವಿ ಮಾರ್ಚ್ ೧೦ರಂದು ತೀರಿಕೊಂಡ ಈ ನಗರದ ವೃದ್ಧರೊಬ್ಬರ ಮರಣವೇ ಭಾರತದಲ್ಲಿ ಕೋವಿಡ್ ರೋಗದಿಂದಾದ ಮೊದಲನೆಯ ಮರಣವೆಂದು ದಾಖಲಾಯಿತು. ಅವರ ಮಾದರಿಯನ್ನು ಪರೀಕ್ಷೆಗಾಗಿ ಬೆಂಗಳೂರಿಗೆ ಕಳುಹಿಸಬೇಕಾಯಿತು. ರೋಗವು ಇಂತಹುದೆಂದು ಖಚಿತವಾದುದು ಮಾರ್ಚ್ ೧೨ರಂದು, ಅಂದರೆ ಮರಣಾನಂತರ. ಆ ತರುವಾಯ ಕಲಬುರಗಿಯಲ್ಲಿಯೇ ಪರೀಕ್ಷೆಗಳು ನಡೆಯತೊಡಗಿದವು. ಯಂತ್ರವು ಊರಿಗೆ ಬರಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ಯಂತ್ರದ ಮಾತನ್ನು ಅರ್ಥಮಾಡಿ ಕೂಸಿನ ಹಾಸಿಗೆಯ ಬಳಿಗೆ ತರುವ ವಿದ್ವಾಂಸನು ಮಾತ್ರ ಯಂತ್ರದಷ್ಟು ಬೇಗನೆ ಬರಲಾರನು.

ಆ ವಿದ್ವಾಂಸನ ವಿದ್ಯಾಮಾರ್ಗವನ್ನು ಪಾಠಶಾಲೆಯ ಕ್ರಮಕ್ಕೆ ಹೋಲಿಸಬಹುದು. ಪಾಠಶಾಲೆಯಲ್ಲಿ ವಟುವು ಮೊದಲು ಕೋಶವನ್ನು ಬಾಯಿಪಾಠ ಮಾಡುತ್ತಾನೆ. ಅನಂತರ ಕಾವ್ಯವನ್ನು ಓದುತ್ತಾನೆ. ವ್ಯಾಕರಣ, ತರ್ಕಗಳು ಆಮೇಲೆ ಬರುತ್ತವೆ. ಕಟ್ಟಕಡೆಗೆ ಒಂದು ಶಾಸ್ತ್ರದಲ್ಲಿ ಗುರುವಿನ ಬಳಿ ಕುಳಿತು ಪಾರಂಗತನಾಗುತ್ತಾನೆ. ಕೋಶವಿಲ್ಲದವನಿಗೆ ತರ್ಕವು ದಕ್ಕದು. ವೈದ್ಯವಿದ್ಯೆಯಲ್ಲಿಯೂ ಅಂತಹ ಮೆಟ್ಟಿಲುಗಳುಂಟು.

ಮೊದಲನೆಯ ಮೆಟ್ಟಿಲು ಎಂ.ಬಿ.ಬಿ.ಎಸ್. ಪದವಿ. ಇದಕ್ಕೆ ನಾಲ್ಕೂವರೆ ವರ್ಷಗಳ ವ್ಯಾಸಂಗವೂ, ಅದರ ಮೇಲೆ ಒಂದು ವರ್ಷ ದವಾಖಾನೆಯ ವಿಭಾಗಗಳಲ್ಲಿ ಸರದಿಯಂತೆ ದುಡಿಯುವ ಅಭ್ಯಾಸವೂ ಸೇರಿ ಐದೂವರೆ ವರ್ಷಗಳಾಗುವುವು. ಶರೀರದ ರಚನೆ, ಅದರ ವ್ಯಾಪಾರ, ರೋಗದ ಕಾರಣ, ಔಷಧದ ಗುಣ, ಸೂಕ್ಷ್ಮಜೀವಿಗಳ ಶಾಸ್ತ್ರ, ಸಮುದಾಯದ ಆರೋಗ್ಯ, ಇವೆಲ್ಲವೂ ಇಲ್ಲಿ ಬರುವುವು. ಇದೇ ಕೋಶಪಾಠ.

ಈ ಮೆಟ್ಟಿಲು ಈ ಸೀಮೆಯ ಮಕ್ಕಳಿಗೆ ಬಹುಕಾಲ ದೂರವಾಗಿತ್ತು. ಕಲಬುರಗಿಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ವೈದ್ಯನಾಗಬಯಸುವ ತರುಣನು ಊರನ್ನು ಬಿಟ್ಟು ದೂರದ ನಗರಗಳಿಗೆ ಹೋಗಬೇಕಾಗಿತ್ತು. ೧೯೫೬ರಲ್ಲಿ ಕನ್ನಡನಾಡು ಒಂದಾದ ಬಳಿಕ, ಮಹಾದೇವಪ್ಪ ರಾಂಪುರೆಯವರು ೧೯೫೮ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ೧೯೬೩ರಲ್ಲಿ ಆ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು ಕಲಬುರಗಿಯಲ್ಲಿ ಆರಂಭವಾಯಿತು. ಅದೇ ೧೯೬೩ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ವೈದ್ಯಕೀಯ ಕಾಲೇಜು, ೧೯೬೫ರಲ್ಲಿ ದಾವಣಗೆರೆಯ ಜೆ.ಜೆ.ಎಂ. ಕಾಲೇಜು, ೧೯೮೪ರಲ್ಲಿ ಮೈಸೂರಿನಲ್ಲಿ ಸುತ್ತೂರು ಮಠದ ಆಶ್ರಯದ ಜೆ.ಎಸ್.ಎಸ್. ಕಾಲೇಜು, ೧೯೮೬ರಲ್ಲಿ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು, ಹೀಗೆ ಭಕ್ತಸಮಾಜದ ದಾನದಿಂದಲೂ ಹಿರಿಯರ ಪರಿಶ್ರಮದಿಂದಲೂ ವೈದ್ಯಶಾಲೆಗಳು ಒಂದಾದ ಮೇಲೊಂದು ಎದ್ದವು. ಕಲಬುರಗಿಯಲ್ಲಿ ಇಂದು ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ಕಾರ್ಮಿಕರ ರಾಜ್ಯ ವಿಮಾ ನಿಗಮದ ಕಾಲೇಜೂ, ಖಾಜಾ ಬಂದೇನವಾಜ್ ಹೆಸರಿನ ಸಂಸ್ಥೆಯೂ ಇವೆ. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ಬಂದ ೩೭೧(ಜೆ) ವಿಧಿಯು ಈ ಪ್ರದೇಶದ ಮಕ್ಕಳಿಗೆ ಇಲ್ಲಿಯ ಕಾಲೇಜುಗಳಲ್ಲಿ ಮೀಸಲು ಸ್ಥಾನಗಳನ್ನು ಒದಗಿಸಿತು. ಬಾಗಿಲು ತೆರೆದಿದೆ, ಆ ಬಾಗಿಲಿನಿಂದ ಒಳಹೊಕ್ಕವನು ಎಲ್ಲಿಯವರೆಗೆ ನಡೆದಾನು ಎಂಬುದೇ ಈಗಿನ ಪ್ರಶ್ನೆ.

ಎರಡನೆಯ ಮೆಟ್ಟಿಲು ಬಾಲರೋಗಶಾಸ್ತ್ರದ ಎಂ.ಡಿ. ಪದವಿ. ಇದಕ್ಕೆ ಮೂರು ವರ್ಷ. ದೇಶದಾದ್ಯಂತ ನಡೆಯುವ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣನಾದವನಿಗೆ ಇಲ್ಲಿ ಸ್ಥಾನವು ದೊರಕುವುದು. ಬಾಲರೋಗದಲ್ಲಿ ಎರಡು ವರ್ಷಗಳ ಡಿಪ್ಲೊಮಾ ಕೂಡ ಉಂಟು. ಗ್ರಂಥದಲ್ಲಿ ಓದಿದುದು ಹಾಸಿಗೆಯ ಬಳಿಯಲ್ಲಿ ಸತ್ಯವೋ ಅಲ್ಲವೋ ಎಂದು ಒರೆಗೆ ಹಚ್ಚುವ ಕಾಲವಿದು. ಇಲ್ಲಿ ಕಲಿಯತಕ್ಕ ವಿದ್ಯೆಯ ಸ್ವರೂಪವನ್ನು ಮೂರು ರೋಗಗಳ ಉದಾಹರಣೆಯಿಂದ ತಿಳಿಯಬಹುದು.

ಡೆಂಗೀ ಜ್ವರವನ್ನು ನೋಡಿರಿ. ಜ್ವರವು ಏರಿದ್ದಾಗ ಮನೆಮಂದಿಯೆಲ್ಲ ಗಾಬರಿಗೊಳ್ಳುವರು, ಇಳಿದಾಗ ಸಂತೋಷಪಡುವರು. ನಿಜವಾಗಿ ನೋಡಿದರೆ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಜ್ವರವು ಇಳಿಯುವ ಹೊತ್ತಿನಲ್ಲಿಯೇ ರಕ್ತನಾಳಗಳಿಂದ ದ್ರವವು ಸೋರತೊಡಗುವ ಅಪಾಯವಿದೆ. ಆ ಒಂದೆರಡು ದಿನ ವೈದ್ಯನು ಕೂಸಿನ ನಾಡಿ, ರಕ್ತದ ಒತ್ತಡ, ರಕ್ತದ ಗಟ್ಟಿತನ, ಮೂತ್ರದ ಪ್ರಮಾಣಗಳನ್ನು ಗಳಿಗೆಗಳಿಗೆಗೆ ನೋಡುತ್ತಿರಬೇಕು. ಸಲಾಯಿನ್ ಕಡಿಮೆಯಾದರೆ ಮಗು ಕುಸಿಯುವುದು. ಹೆಚ್ಚಾದರೆ ಪುಪ್ಪುಸದಲ್ಲಿ ನೀರು ತುಂಬಿ ಉಸಿರು ಕಟ್ಟುವುದು. ವೈರಾಣುವನ್ನು ಕೊಲ್ಲುವ ಔಷಧವು ಇಲ್ಲಿಲ್ಲ. ಅಳತೆಯರಿತು ಕೊಟ್ಟ ನೀರೇ ಔಷಧ. ಈ ಅಳತೆಯನ್ನು ಯಾವ ಗ್ರಂಥವೂ ಪೂರ್ತಿಯಾಗಿ ಕಲಿಸಲಾರದು. ನಿದ್ದೆಗೆಟ್ಟು ಹಾಸಿಗೆಯ ಬಳಿ ನಿಂತ ಗುರುವೇ ಕಲಿಸಬೇಕು.

ದಡಾರದ ವಿಷಯವು ಇನ್ನೊಂದು ಬಗೆಯದು. ಮೈಮೇಲೆ ಗುಳ್ಳೆಗಳೆದ್ದರೆ ಅಮ್ಮ ಬಂದಳೆಂದು ಭಾವಿಸಿ, ಬೇವಿನ ಎಲೆಯನ್ನು ಬಾಗಿಲಿಗೆ ಕಟ್ಟಿ, ದವಾಖಾನೆಗೆ ಹೋಗದಿರುವ ರೂಢಿಯು ಅನೇಕ ಕಡೆಗಳಲ್ಲಿತ್ತು. ಈಗಲೂ ಅಲ್ಲಲ್ಲಿ ಉಂಟು. ತಾಯಿಯ ಭಕ್ತಿಯನ್ನು ಜರಿಯುವುದು ವೈದ್ಯನ ಕೆಲಸವಲ್ಲ. ಆದರೆ ದಡಾರವು ಕಣ್ಣನ್ನೂ ಪುಪ್ಪುಸವನ್ನೂ ಕೆಡಿಸಬಲ್ಲುದು. ಒಂದು ವರ್ಷ ದಾಟಿದ ಮಗುವಿಗೆ ಎರಡು ಲಕ್ಷ ಏಕಮಾನದ ವಿಟಮಿನ್ ಎ, ಆರರಿಂದ ಹನ್ನೊಂದು ತಿಂಗಳ ಕೂಸಿಗೆ ಒಂದು ಲಕ್ಷ, ಅದಕ್ಕೂ ಎಳೆಯ ಕೂಸಿಗೆ ಐವತ್ತು ಸಾವಿರ, ಹೀಗೆ ಎರಡು ದಿನ ಕೊಟ್ಟರೆ ಕುರುಡುತನವನ್ನೂ ಮರಣವನ್ನೂ ಎಷ್ಟೋ ಮಟ್ಟಿಗೆ ತಡೆಯಬಹುದು. ಅಲ್ಪ ವೆಚ್ಚದ ಈ ಚಿಕಿತ್ಸೆಯು ಮಗುವಿಗೆ ಸಲ್ಲಬೇಕಾದರೆ ತಾಯಿಯು ಬೇಸರಪಡದಂತೆ ಅವಳೊಡನೆ ಮಾತನಾಡುವ ನಯವೂ ವೈದ್ಯನಿಗೆ ಬೇಕು.

ಮೂರನೆಯದು ಮೆದುಳುಜ್ವರ. ಇದಕ್ಕೆ ಕಾರಣವಾದ ವೈರಾಣುಗಳು ಹಲವು. ಸೊಳ್ಳೆಯಿಂದ ಬರುವ ಜಪಾನಿ ಮೆದುಳುಜ್ವರವೊಂದು. ಹರ್ಪಿಸ್ ಎಂಬ ವೈರಾಣುವಿನಿಂದ ಬರುವುದೊಂದು. ಮರಳುನೊಣದಿಂದ ಹರಡುವ ಚಾಂಡಿಪುರ ವೈರಾಣುವಿನದು ಮತ್ತೊಂದು. ಈ ಕೊನೆಯದನ್ನು ೧೯೬೫ರಲ್ಲಿ ನಾಗಪುರದ ಬಳಿಯ ಚಾಂಡಿಪುರ ಗ್ರಾಮದಲ್ಲಿ ಮೊದಲು ಕಂಡುಹಿಡಿದರು. ೨೦೦೩ರ ಬೇಸಿಗೆ ಕಳೆದ ಮೇಲೆ, ಕಲಬುರಗಿಗೆ ನೆರೆಯದಾದ ಅಂದಿನ ಆಂಧ್ರಪ್ರದೇಶದಲ್ಲಿ ೩೨೯ ಮಕ್ಕಳು ಮೆದುಳುಜ್ವರಕ್ಕೆ ತುತ್ತಾಗಿ ಅವರಲ್ಲಿ ೧೮೩ ಮಂದಿ ಅಸುನೀಗಿದರು. ಆ ವಿಪತ್ತಿಗೆ ಚಾಂಡಿಪುರ ವೈರಾಣುವೇ ಕಾರಣವೆಂದು ಪುಣೆಯ ಸಂಸ್ಥೆಯವರು ಗುರುತಿಸಿದರು. ೨೦೨೪ರಲ್ಲಿ ಗುಜರಾತಿನಲ್ಲಿ ಅದು ಮತ್ತೆ ತಲೆಯೆತ್ತಿತು. ಲಕ್ಷಣಗಳು ತೋರಿದ ಒಂದೆರಡು ದಿನಗಳಲ್ಲಿಯೇ ಮಗುವನ್ನು ಕೊಂಡೊಯ್ಯುವ ಈ ರೋಗಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. ಹರ್ಪಿಸ್ ವೈರಾಣುವಿಗಾದರೋ ಅಸೈಕ್ಲೊವಿರ್ ಎಂಬ ಔಷಧವುಂಟು. ಆದರೆ ಪರೀಕ್ಷೆಯ ಫಲ ಬರುವವರೆಗೆ ಕಾದು ಕುಳಿತರೆ ಅದರ ಪ್ರಯೋಜನವು ಕುಗ್ಗುವುದು. ಸಂಶಯ ಬಂದೊಡನೆಯೇ ಆರಂಭಿಸಬೇಕು. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಮೂರು ಜ್ವರಗಳಲ್ಲಿ ಯಾವುದಕ್ಕೆ ಮದ್ದುಂಟು, ಯಾವುದಕ್ಕಿಲ್ಲ, ಯಾವುದರಲ್ಲಿ ಕಾಯಬಹುದು, ಯಾವುದರಲ್ಲಿ ಕಾಯಬಾರದು ಎಂಬ ವಿವೇಕವೇ ಈ ವಿದ್ಯೆಯ ಸಾರ.

ಮದ್ದಿಲ್ಲದಲ್ಲಿ ಮದ್ದು ಕೊಡದಿರುವ ಧೈರ್ಯವೂ ಈ ವಿವೇಕದಲ್ಲಿಯೇ ಸೇರಿದೆ. ನೆಗಡಿಯಿಂದ ಬಂದ ಜ್ವರಕ್ಕೆ ಸೂಜಿ ಚುಚ್ಚದೆ ಕಳುಹಿಸಿದರೆ ಈ ಡಾಕ್ಟರನಿಗೆ ಏನೂ ತಿಳಿಯದೆಂದು ಜನರು ಗೊಣಗುವರು. ಆ ಗೊಣಗಿಗೆ ಅಂಜಿ ಆಂಟಿಬಯೋಟಿಕ್ ಬರೆದುಕೊಡುವ ವೈದ್ಯನು ಕೂಸಿಗೆ ಉಪಕಾರವನ್ನು ಮಾಡಿದಂತಾಗದು. ಬ್ಯಾಕ್ಟೀರಿಯಗಳು ಆ ಔಷಧಕ್ಕೆ ಒಗ್ಗಿಕೊಂಡು, ನಾಳೆ ನಿಜವಾಗಿ ಬೇಕಾದಾಗ ಅದು ಕೆಲಸಮಾಡದೆ ಹೋಗುವುದು. ವೈರಾಣುಜ್ವರದ ಮಕ್ಕಳಿಗೆ ಆಸ್ಪಿರಿನ್ ಮಾತ್ರೆಯನ್ನು ಕೊಡಲೇಬಾರದು. ಹೀಗೆ ಏನನ್ನು ಕೊಡಬಾರದೆಂಬುದನ್ನು ಕಲಿಯುವುದಕ್ಕೂ, ಏನನ್ನು ಕೊಡಬೇಕೆಂಬುದನ್ನು ಕಲಿಯುವಷ್ಟೇ ಕಾಲವು ಬೇಕಾಗುವುದು.

ಮೂರನೆಯ ಮೆಟ್ಟಿಲು ಸಾಂಕ್ರಾಮಿಕ ರೋಗಗಳ ವಿಶೇಷ ವ್ಯಾಸಂಗ. ಎಂ.ಡಿ. ಪದವೀಧರನು ಮತ್ತೆ ಮೂರು ವರ್ಷ ಓದಿ ಸಾಂಕ್ರಾಮಿಕ ರೋಗಗಳಲ್ಲಿ ಡಿ.ಎಂ. ಪದವಿಯನ್ನು ಪಡೆಯಬಹುದು, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮೊದಲಾದ ಕೆಲವೇ ಸ್ಥಳಗಳಲ್ಲಿ ಈ ಶಿಕ್ಷಣವು ದೊರೆಯುವುದು. ಅಲ್ಪಾವಧಿಯ ಫೆಲೋಷಿಪ್‌ಗಳೂ ಉಂಟು. ೧೯೬೩ರಲ್ಲಿಯೇ ಸ್ಥಾಪಿತವಾದ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯಲ್ಲಿ ಸಾಂಕ್ರಾಮಿಕ ರೋಗಗಳಿಗೆಂದೇ ಒಂದು ಶಾಖೆಯಿದೆ. ಎಂ.ಬಿ.ಬಿ.ಎಸ್.ನಿಂದ ಡಿ.ಎಂ.ವರೆಗಿನ ವರ್ಷಗಳನ್ನು ಕೂಡಿಸಿದರೆ ಹನ್ನೊಂದೂವರೆಯಾಗುವುವು. ಹದಿನೆಂಟನೆಯ ವಯಸ್ಸಿನಲ್ಲಿ ಹೊರಟ ತರುಣನು ಎಲ್ಲಿಯೂ ತಡೆಯಿಲ್ಲದೆ ನಡೆದರೆ ಮೂವತ್ತರ ಹತ್ತಿರಕ್ಕೆ ಬರುವನು.

ಈ ಮೆಟ್ಟಿಲಿನಲ್ಲಿ ಹಾಸಿಗೆಯೂ ಪ್ರಯೋಗಶಾಲೆಯೂ ಒಂದಾಗುವುವು. ಲೋಕದ ಚರಿತ್ರೆಯಲ್ಲಿ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಎಂಡರ್ಸ್ ಎಂಬ ಪಂಡಿತರ ಪ್ರಯೋಗಶಾಲೆಯಿತ್ತು. ಬಾಲಚಿಕಿತ್ಸೆಯಲ್ಲಿ ಪಳಗಿದ ಥಾಮಸ್ ವೆಲ್ಲರ್, ಫ್ರೆಡರಿಕ್ ರಾಬಿನ್ಸ್ ಎಂಬ ಇಬ್ಬರು ವೈದ್ಯರು ಅಲ್ಲಿ ಎಂಡರ್ಸರೊಡನೆ ದುಡಿದು, ಪೋಲಿಯೋ ವೈರಾಣುವನ್ನು ಗಾಜಿನ ಪಾತ್ರೆಯಲ್ಲಿ ಜೀವಕೋಶಗಳ ನಡುವೆ ಬೆಳೆಸಬಹುದೆಂದು ೧೯೪೯ರಲ್ಲಿ ತೋರಿಸಿದರು. ಮೂವರಿಗೂ ೧೯೫೪ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಅದೇ ೧೯೫೪ರಲ್ಲಿ ಥಾಮಸ್ ಪೀಬಲ್ಸ್ ಎಂಬ ತರುಣ ವೈದ್ಯನು, ವಸತಿಶಾಲೆಯೊಂದರಲ್ಲಿ ದಡಾರವೆದ್ದಾಗ ಅಲ್ಲಿಗೆ ಹೋಗಿ, ಹುಡುಗರ ಗಂಟಲಿನ ಮಾದರಿಯನ್ನೂ ರಕ್ತವನ್ನೂ ತಂದು ಎಂಡರ್ಸರ ಪ್ರಯೋಗಶಾಲೆಯಲ್ಲಿ ದಡಾರದ ವೈರಾಣುವನ್ನು ಬೇರ್ಪಡಿಸಿದನು. ಅದರಿಂದ ಸಿದ್ಧವಾದ ಲಸಿಕೆಗೆ ೧೯೬೩ರಲ್ಲಿ ಅಮೆರಿಕದಲ್ಲಿ ಅನುಮತಿಯು ದೊರೆಯಿತು. ಮಗುವಿನ ಬಳಿ ನಿಲ್ಲುವವನೂ ಗಾಜಿನ ನಳಿಗೆಯನ್ನು ನೋಡುವವನೂ ಒಬ್ಬನೇ ಆಗಿದ್ದುದರ ಫಲವಿದು.

ಭಾರತದಲ್ಲಿಯೂ ಅಂತಹ ಮಾರ್ಗವನ್ನು ತುಳಿದವರುಂಟು. ವೆಲ್ಲೂರಿನಲ್ಲಿ ಮಕ್ಕಳ ವೈದ್ಯರಾಗಿದ್ದ ಟಿ. ಜೇಕಬ್ ಜಾನ್ ಅವರು ವೈರಾಣುಶಾಸ್ತ್ರವನ್ನು ಕಲಿತು ಅಲ್ಲಿ ಆ ವಿಭಾಗವನ್ನು ಬೆಳೆಸಿದರು. ಪರದೇಶಗಳಲ್ಲಿ ಚೆನ್ನಾಗಿ ಫಲಿಸಿದ ಪೋಲಿಯೋ ಹನಿಗಳು ಇಲ್ಲಿಯ ಮಕ್ಕಳಲ್ಲಿ ಅಷ್ಟಾಗಿ ಫಲಿಸುವುದಿಲ್ಲವೆಂಬುದನ್ನು ಅವರು ೧೯೭೦ರ ದಶಕದಲ್ಲಿಯೇ ತೋರಿಸಿಕೊಟ್ಟರು. ಹನಿ ಹಾಕಿಸಿಕೊಂಡ ಮಗುವಿಗೂ ರೋಗವು ಬಂದುದನ್ನು ಕಣ್ಣಾರೆ ಕಂಡು, ಏಕೆಂದು ಕೇಳಿ, ಉತ್ತರವನ್ನು ಪ್ರಯೋಗಶಾಲೆಯಲ್ಲಿ ಹುಡುಕುವುದು ಎರಡು ವಿದ್ಯೆಗಳನ್ನೂ ಬಲ್ಲವನಿಂದ ಮಾತ್ರ ಆಗತಕ್ಕ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ದುರ್ಗಾರಾವ್ ಅವರು ಆ ನಗರದ ನವಜಾತ ಶಿಶುಗಳಲ್ಲಿ ದೊರೆತ ರೋಟಾ ವೈರಾಣುವಿನ ತಳಿಯೊಂದನ್ನು ಅಭ್ಯಸಿಸಿದರು. ದೆಹಲಿಯಲ್ಲಿ ಮಕ್ಕಳ ವೈದ್ಯರಾದ ಎಂ.ಕೆ. ಭಾನ್ ಅವರ ಬಳಗವು ಗುರುತಿಸಿದ ಇನ್ನೊಂದು ತಳಿಯಿಂದ ಸ್ವದೇಶೀ ಲಸಿಕೆಯು ಸಿದ್ಧವಾಗಿ, ೨೦೧೬ರಿಂದ ಸರಕಾರದ ಲಸಿಕೆಯ ಕಾರ್ಯಕ್ರಮದಲ್ಲಿ ಸೇರಿತು.

ಕನ್ನಡನಾಡಿನಲ್ಲಿ ವೈರಾಣುಪರೀಕ್ಷೆಗೆ ಹೆಸರಾದ ಸ್ಥಾನಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೆದುಳುಜ್ವರ, ರೇಬೀಸ್‌ಗಳ ಪರೀಕ್ಷೆಗೆ ಪ್ರಸಿದ್ಧವಾಗಿದೆ. ೨೦೧೮ರಲ್ಲಿ ಕೇರಳದ ಕೋಳಿಕೋಡಿನಲ್ಲಿ ನಿಪಾ ವೈರಾಣು ಕಾಣಿಸಿಕೊಂಡಾಗ ಅದನ್ನು ಮೊದಲು ಗುರುತಿಸಿದುದರಲ್ಲಿ ಮಣಿಪಾಲದ ಪ್ರಯೋಗಶಾಲೆಯ ಪಾತ್ರವಿತ್ತು. ಆದರೆ ಪರೀಕ್ಷೆಯನ್ನು ಕಳುಹಿಸುವುದರಲ್ಲಿಯೂ ವಿದ್ಯೆಯುಂಟು. ಡೆಂಗೀಯ ಮೊದಲ ಐದು ದಿನಗಳಲ್ಲಿ ವೈರಾಣುವಿನ ಅಂಶವನ್ನೇ ರಕ್ತದಲ್ಲಿ ಹುಡುಕಬೇಕು. ಅನಂತರ ವೈರಾಣುವಿನ ವಿರುದ್ಧ ಶರೀರವು ನಿರ್ಮಿಸಿದ ಪ್ರತಿಕಾಯವನ್ನು ಹುಡುಕಬೇಕು. ದಿನದ ಲೆಕ್ಕ ತಪ್ಪಿದರೆ, ರೋಗವಿದ್ದರೂ ಇಲ್ಲವೆಂಬ ಉತ್ತರವು ಬರುವುದು. ಜ್ವರ ಬಂದು ಎಷ್ಟು ದಿನವಾಯಿತೆಂದು ತಾಯಿಯನ್ನು ಕೇಳಿ ತಿಳಿಯದವನಿಗೆ ಯಂತ್ರವು ಸತ್ಯವನ್ನು ಹೇಳದು.

ನಾಲ್ಕನೆಯ ಮೆಟ್ಟಿಲಿಗೆ ಪದವಿಯ ಹೆಸರಿಲ್ಲ, ಅದು ಹಳ್ಳಿಯಲ್ಲಿದೆ. ಪೋಲಿಯೋ ನಿರ್ಮೂಲನದ ಕಾರ್ಯವೇ ಇದರ ದೊಡ್ಡ ಪಾಠಶಾಲೆಯಾಯಿತು. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಕೈಕಾಲು ಥಟ್ಟನೆ ಸೋತು ಜೋಲುಬಿದ್ದರೆ ತತ್‌ಕ್ಷಣ ವರದಿಮಾಡಬೇಕು. ಹದಿನಾಲ್ಕು ದಿನಗಳೊಳಗಾಗಿ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲದ ಮಾದರಿಯನ್ನು ಸಂಗ್ರಹಿಸಿ, ತಂಪಿನಲ್ಲಿಟ್ಟು ಪ್ರಯೋಗಶಾಲೆಗೆ ಮುಟ್ಟಿಸಬೇಕು ಎಂಬ ನಿಯಮವನ್ನು ದೇಶದ ಮೂಲೆಮೂಲೆಯ ವೈದ್ಯರೂ ದಾದಿಯರೂ ಕಲಿತರು. ೨೦೧೧ರ ಜನವರಿ ೧೩ರ ಬಳಿಕ ಭಾರತದಲ್ಲಿ ಕಾಡು ಪೋಲಿಯೋ ವೈರಾಣುವಿನಿಂದ ಒಂದು ಮಗುವೂ ಕುಂಟಾಗಲಿಲ್ಲ. ೨೦೧೪ರ ಮಾರ್ಚ್ ೨೭ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣಪತ್ರವು ದೊರೆಯಿತು. ೨೦೧೭ರ ಫೆಬ್ರುವರಿಯಲ್ಲಿ ದಡಾರ, ರುಬೆಲ್ಲಾಗಳ ಲಸಿಕೆಯ ಮಹಾಭಿಯಾನವನ್ನು ಮೊದಲು ಕೈಗೊಂಡ ಪ್ರಾಂತಗಳಲ್ಲಿ ಕರ್ನಾಟಕವೂ ಒಂದು. ಒ೦ಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳೆಲ್ಲರೂ ಅದರ ವ್ಯಾಪ್ತಿಗೆ ಸೇರಿದ್ದರು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮವೂ ಈಚೆಗೆ ಜಾರಿಗೆ ಬಂದಿದೆ. ದೊಡ್ಡ ದವಾಖಾನೆಗೆ ಬಂದು ಮುಟ್ಟಿದ ಕೂಸನ್ನು ಮಾತ್ರ ನೋಡಿ ಬಲ್ಲವನು ರೋಗದ ಕಡೆಯ ಪುಟವನ್ನಷ್ಟೇ ಓದಿದವನು. ಮೊದಲನೆಯ ಪುಟವು ಹಳ್ಳಿಯ ಮನೆಯಲ್ಲಿಯೇ ಇರುವುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹಳ್ಳಿಗಳಲ್ಲಿ ಸಾಧಾರಣ ವೈದ್ಯರೇ ಸಾಲದಿರುವಾಗ ಹನ್ನೊಂದೂವರೆ ವರ್ಷ ಓದಿದ ವಿಶೇಷಜ್ಞನನ್ನು ಬಯಸುವುದು, ಜೋಳದ ರೊಟ್ಟಿಗೆ ಗತಿಯಿಲ್ಲದವನು ಹೋಳಿಗೆಯನ್ನು ಬಯಸಿದಂತಲ್ಲವೇ ಎಂದು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯನಿಲ್ಲದಿದ್ದರೆ ನಗರದ ಪಂಡಿತನಿಂದ ಹಳ್ಳಿಗೆ ಪ್ರಯೋಜನವಿಲ್ಲ. ಆದರೂ ಪಾಠಶಾಲೆಗೆ ಒಬ್ಬ ತರ್ಕಪಂಡಿತನಿದ್ದರೆ ನೂರು ವಿದ್ಯಾರ್ಥಿಗಳ ಓದು ತಿದ್ದಿಕೊಳ್ಳುವುದು. ಹಾಗೆಯೇ ಜಿಲ್ಲೆಗೆ ಇಂತಹ ಒಬ್ಬ ವೈದ್ಯನಿದ್ದರೆ, ಯಾವ ಕೂಸನ್ನು ಅಲ್ಲಿಯೇ ಇಟ್ಟುಕೊಳ್ಳಬಹುದು, ಯಾವುದನ್ನು ಆ ಗಳಿಗೆಯೇ ಕಳುಹಿಸಬೇಕು ಎಂಬುದನ್ನು ಆರೋಗ್ಯ ಕೇಂದ್ರದ ವೈದ್ಯರಿಗೂ, ದಾದಿಯರಿಗೂ, ಆಶಾ ಕಾರ್ಯಕರ್ತೆಯರಿಗೂ ಅವನು ಕಲಿಸುವನು. ಅವನಿಂದ ಗುಣವಾಗುವ ಕೂಸುಗಳಿಗಿಂತ, ಅವನು ಕಲಿಸಿದವರಿಂದ ಗುಣವಾಗುವ ಕೂಸುಗಳೇ ಹೆಚ್ಚು.

ನಿಜವಾದ ತೊಡಕು ಬೇರೆಯೇ ಇದೆ. ವಿದ್ಯೆಯ ದಾರಿಯು ಕಲಬುರಗಿಯಿಂದ ಬೆಂಗಳೂರಿಗೆ, ವೆಲ್ಲೂರಿಗೆ, ದೆಹಲಿಗೆ ಹೋಗುವುದು. ರೋಗವು ಇಲ್ಲಿಯೇ ಉಳಿಯುವುದು. ಹೋದವನು ಮರಳಿ ಬಾರದಿದ್ದರೆ ಈ ಸೀಮೆಯು ವಿದ್ಯಾರ್ಥಿಯನ್ನು ಕೊಟ್ಟು ವೈದ್ಯನನ್ನು ಕಳೆದುಕೊಂಡಂತಾಯಿತು. ಅವನನ್ನು ಮಾತ್ರ ದೂರುವುದು ನ್ಯಾಯವಲ್ಲ. ಮೂವತ್ತು ವರ್ಷದವರೆಗೆ ಗಳಿಕೆ ಅಲ್ಪವಾಗಿ, ತಲೆಯ ಮೇಲೆ ಸಾಲವನ್ನು ಹೊತ್ತವನು ಹೆಚ್ಚಿನ ಸಂಬಳದ ಊರನ್ನು ಹುಡುಕುವುದು ಸಹಜ. ತಾನು ಕಲಿತುದನ್ನು ನಡೆಸುವುದಕ್ಕೆ ಪ್ರಯೋಗಶಾಲೆಯೂ, ಮಕ್ಕಳ ತೀವ್ರನಿಗಾ ವಿಭಾಗವೂ, ಜತೆಗೆ ದುಡಿಯುವ ದಾದಿಯರೂ ಇಲ್ಲದ ಕಡೆಗೆ ಬಂದರೆ ಅವನ ವಿದ್ಯೆಯು ನೀರಿಲ್ಲದ ಬಾವಿಯಂತಾಗುವುದು. ಆದುದರಿಂದ ಅವನು ಹೋಗುವಾಗಲೇ ಅವನ ಮರಳುವಿಕೆಗೆ ಬೇಕಾದ ಸಿದ್ಧತೆಯನ್ನು ಮಾಡತಕ್ಕದ್ದು.

ಈ ಸಿದ್ಧತೆಯಲ್ಲಿ ಭಕ್ತಸಮಾಜದ ಪಾಲು ಸಣ್ಣದಲ್ಲ. ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ ದೊಡ್ಡವರಾದವರು ಈ ನಾಡಿನಲ್ಲಿ ಎಣಿಕೆಗೆ ಮೀರಿದ್ದಾರೆ. ಆದರೆ ಹುಡುಗನು ಎಂ.ಬಿ.ಬಿ.ಎಸ್. ಮುಗಿಸಿದೊಡನೆ ಸಮಾಜವು ತನ್ನ ಕೆಲಸ ತೀರಿತೆಂದು ಕೈತೊಳೆದುಕೊಳ್ಳುವುದುಂಟು. ಇಲ್ಲಿ ಹೇಳಿದ ವಿದ್ಯೆಯು ಅಲ್ಲಿಂದಲೇ ಆರಂಭವಾಗುವುದು. ಬಡಮನೆಯಿಂದ ಬಂದ ಒಬ್ಬ ತರುಣನಿಗೋ ತರುಣಿಗೋ ಮುಂದಿನ ಆರು ವರ್ಷಗಳ ಕಾಲ ಊರ ಸಂಬಂಧವು ಹರಿಯದಂತೆ ನೆರವಾಗಿ, ಮರಳಿ ಬಂದು ಕೆಲವು ವರ್ಷ ಈ ಸೀಮೆಯ ಮಕ್ಕಳ ಸೇವೆಯನ್ನು ಮಾಡಬೇಕೆಂಬ ಮಾತನ್ನು ಪ್ರೀತಿಯಿಂದ ಪಡೆದರೆ, ಅದು ಕಲ್ಲಿನ ಕಟ್ಟಡದಷ್ಟೇ ಬಾಳತಕ್ಕ ದಾನವಾಗುವುದು. ತರುಣಿಯರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಮದುವೆಯ ವಯಸ್ಸು ಮೀರುವುದೆಂಬ ಅಂಜಿಕೆಯಿಂದ ಅನೇಕ ಹೆಣ್ಣುಮಕ್ಕಳ ವೈದ್ಯವಿದ್ಯೆಯು ಎರಡನೆಯ ಮೆಟ್ಟಿಲಿನಲ್ಲಿಯೇ ನಿಂತುಹೋಗುವುದು. ಹೆಣ್ಣಿಗೂ ಗಂಡಿಗೂ ಸಮಾನವಾದ ಸಾಧನೆಯ ಹಕ್ಕನ್ನು ಸಾರಿದ ಶರಣರ ಮನೆಯವರು ಈ ಅಂಜಿಕೆಯನ್ನು ಬಿಡುವುದು ಯುಕ್ತವಾಗಿದೆ.

ವೈದ್ಯನು ಸಿದ್ಧನಾಗಿ ಬರುವವರೆಗೆ ತಾಯಿತಂದೆಗಳು ಸುಮ್ಮನಿರತಕ್ಕದ್ದಲ್ಲ. ಕೂಸು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕಾಮಾಲೆಯ ಮೊದಲ ಲಸಿಕೆ. ಆರು, ಹತ್ತು, ಹದಿನಾಲ್ಕು ವಾರಗಳಿಗೆ ಪೋಲಿಯೋ ಹಾಗೂ ರೋಟಾ ಹನಿಗಳು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ, ರುಬೆಲ್ಲಾ ಲಸಿಕೆ. ಹದಿನಾರು ತಿಂಗಳ ಬಳಿಕ ಅದರ ಎರಡನೆಯ ಸರದಿ, ಇವನ್ನು ತಪ್ಪಿಸಬಾರದು. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವವರು ಲಸಿಕೆಯ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಿ, ಹೋದ ಊರಿನಲ್ಲಿಯೇ ಉಳಿದ ಸರದಿಯನ್ನು ಹಾಕಿಸಬೇಕು. ನಾಯಿ ಕಡಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ದವಾಖಾನೆಗೆ ಹೋಗಬೇಕು. ರೇಬೀಸ್ ತೋರಿಕೊಂಡ ಮೇಲೆ ಬದುಕುವ ಆಶೆಯಿಲ್ಲ, ತೋರುವ ಮೊದಲು ಲಸಿಕೆಯಿಂದ ತಡೆಯಬಹುದು. ಜ್ವರವಿಳಿದ ಮೇಲೆ ಕೂಸು ಹೊಟ್ಟೆನೋವೆಂದು ಅತ್ತರೆ, ಬಿಡದೆ ವಾಂತಿ ಮಾಡಿದರೆ, ಮಂಕಾಗಿ ಮಲಗಿದರೆ, ಎಲ್ಲಿಯಾದರೂ ರಕ್ತ ಕಂಡರೆ, ನಾಳೆ ನೋಡೋಣವೆನ್ನಬಾರದು. ವೈದ್ಯನು ಸೂಜಿ ಬೇಡವೆಂದರೆ ಅವನ ಮಾತನ್ನು ನಂಬಬೇಕು. ಜ್ವರ ಬಂದ ದಿನವನ್ನು ನೆನಪಿಟ್ಟು ಅವನಿಗೆ ಹೇಳಬೇಕು.

ಸದ್ಭಕ್ತರೇ, ಕಲಬುರಗಿಯ ಸೀಮೆಯಲ್ಲಿ ಬುದ್ಧಿವಂತರಾದ ಮಕ್ಕಳಿಗೆ ಕೊರತೆಯಿಲ್ಲ; ಕಾಲೇಜುಗಳಿಗೂ ಇಂದು ಕೊರತೆಯಿಲ್ಲ. ಕೊರತೆಯಿರುವುದು ಮೊದಲ ಮೆಟ್ಟಿಲನ್ನೇರಿದವನನ್ನು ಕಡೆಯ ಮೆಟ್ಟಿಲಿನವರೆಗೆ ನಡೆಸಿ, ಮರಳಿ ಮನೆಗೆ ಕರೆದುಕೊಳ್ಳುವ ಏರ್ಪಾಟಿಗೆ. ಮಹೋತ್ಸವದ ಸ್ಮರಣೆಗಾಗಿ ಒಬ್ಬ ವಿದ್ಯಾರ್ಥಿಯ ಆರು ವರ್ಷಗಳ ಹೊಣೆಯನ್ನಾದರೂ ಭಕ್ತರು ಕೂಡಿ ಹೊರುವಂತಾಗಲಿ. ಅವನು ಓದಿ ಬಂದು ಇಲ್ಲಿಯ ತಾಯಂದಿರ ಮಾತನ್ನು ಅವರ ಭಾಷೆಯಲ್ಲಿಯೇ ಕೇಳಿ ತಿಳಿಯುವಂತಾಗಲಿ. ಶ್ರೀಗುರುವಿನ ಕೃಪೆಯಿಂದ ನಾಡಿನ ಕೂಸುಗಳೆಲ್ಲ ನಿರೋಗಿಗಳಾಗಿ ಬೆಳೆಯಲಿ.